ಅರ್ಧ ಚಿಪ್ ಖಾಲಿ ಬಿಡೂದಿಲ್ಲ

೧೯೭೬ರ ಒಂದು ಸಂಜೆ ಮುಂಬಯಿಯ ಅಂಧೇರಿಯ ಬಸ್ ಸ್ಟಾಪಿನ ಸಾಲಿನಲ್ಲಿ ನಿಂತಿದ್ದ ಬಟ್ಟೆ ವ್ಯಾಪಾರಿ ಗದಿಗೆಪ್ಪನ ಕಿವಿ ಧಾರವಾಡದ ಮಾತಿಗೆ ನಿಮಿರಿತು. ಅವನ ಮುಂದೆ ಕಂಪ್ಯೂಟರ್ ಕಾರ್ಖಾನೆಯ ಹಿರಿಯ ಎಂಜಿನಿಯರ್ ಒಬ್ಬರು, ಬಿಳಿ ಕೋಟು ಇನ್ನೂ ಕಳಚದ ತರುಣಿಯೊಂದಿಗೆ ವಾದಕ್ಕಿಳಿದಿದ್ದರು.

“ವತ್ಸಲಾ, ಮೆಮರಿ ಚಿಪ್ಪಿನ ಒಂದ್ ಖಾನೇದಾಗ ಮಾಹಿತಿ ಬರದ್ರ ಬಾಜೂ ಖಾನೇದಾಗಿಂದು ಅಳಸಿ ಹೋಗ್ತದ. ಒಂದು ಬಿಟ್ಟು ಒಂದು ಬಳಸೂಣು ಅಂತ ನಾಳೆ ಸಾಹೇಬ್ರಿಗೆ ಹೇಳ್ತೀನಿ.”

“ಅಂದ್ರ ಅರ್ಧ ಚಿಪ್ ಖಾಲಿ? ನಾ ಒಪ್ಪೂದಿಲ್ರಿ ಸರ್.”

“ಮತ್ತೇನ್ ಮಾಡ್ತಿ?”

“ಎರಡು ಖಾನೆ ನಡುವ ನೆಲಕ್ಕ ಅರ್ಥಿಂಗ್ ಕೊಟ್ಟ ಲೋಹದ ಗೆರಿ ಎಳೀತೀನಿ. ಇದರ ಕರೆಂಟಿನ ಗದ್ದಲ ಅದಕ್ಕ ಮುಟ್ಟೂದಿಲ್ಲ.”

“ಅಷ್ಟು ಸಣ್ಣ ಗೆರಿ ನಮ್ಮ ಮಷೀನಿನ್ಯಾಗ ಬರೂದಿಲ್ಲ.”

“ಇವತ್ತ ಒಂದು ಬಂದದ್ರಿ. ಮತ್ತ ಮತ್ತ ಬರ್ದು ನೋಡಿದೆ, ಬಾಜೂದು ಅಳಸಲಿಲ್ಲ.”

“ಒಂದ?”

“ಆಗೂದಿಲ್ಲ ಅನ್ನೋದನ್ನ ಸುಳ್ಳು ಮಾಡಾಕ ಒಂದ ಸಾಕ್ರಿ.”

“ಸಾಹೇಬ್ರು ಸಿಟ್ಟಾಗ್ತಾರ.”

“ಆಗ್ಲಿ. ನಾಳೆ ಮೀಟಿಂಗಿನ್ಯಾಗ ನೀವು ಅರ್ಧ ಅನ್ರಿ, ನಾ ಪೂರ್ತಿ ಅಂತೀನಿ.”

ಬಸ್ ಬಂತು. ವತ್ಸಲಾ ಹತ್ತಲಿಲ್ಲ, ಸೆರಗು ಸಿಕ್ಕಿಸಿಕೊಂಡು ಕಾರ್ಖಾನೆಯ ಕಡೆಗೇ ತಿರುಗಿ ನಡೆದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹಿರಿಯರು ಅವಳನ್ನೇ ನೋಡಿದರು. ಕಂಡಕ್ಟರ್ ಗಂಟೆ ಬಾರಿಸುವಷ್ಟರಲ್ಲಿ ಕೆಳಗಿಳಿದರು.

“ಏ, ನಿಲ್ಲವಾ! ಮೊದಲ ನನಗ ತೋರಿಸು!”

ಅವರು ಬಿಟ್ಟ ಜಾಗದಲ್ಲಿ ಗದಿಗೆಪ್ಪ ಹತ್ತಿಕೊಂಡ.