ಹಿತ್ತಾಳೆ ತಗಡಿನ ಮೇಲಿನ ಕೈ

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ನಡುವೆ ಬಾಯಿ ಹಾಕಬೇಡಿ... ಕೊನೆಯಲ್ಲಿ "ಎಲ್ಲೋ ವೈರು ಸಡಿಲ ಇತ್ತೇನೋ" ಅಂತ ಜಾಣತನವನ್ನೂ ತೋರಿಸಬೇಡಿ. ವೈರು ನೋಡಿ ಆಗಿದೆ. ಇದು ಆಗಿದ್ದು ನನ್ನ ದೊಡ್ಡಮ್ಮನ ಮಗ ಕಟೆಂಡೆಗೆ, ಇದೇ ನಮ್ಮ ಮಸಾಕಾ ಊರಲ್ಲಿ.

ಆವತ್ತು ಅಣ್ಣ ಅಂಗಡಿ ಮುಚ್ಚಿ ನಡೆದುಕೊಂಡು ಮನೆಗೆ ಬರ್ತಿದ್ದ. ಕತ್ತಲಾಗಿ ಬಹಳ ಹೊತ್ತಾಗಿತ್ತು. ಬಾವಿ ಹತ್ತಿರ ಒಂದು ಮುತುಬಾ ಮರ ಇದೆಯಲ್ಲ, ಅದರ ತೊಗಟೆಯನ್ನ ಯಾರೋ ಸುಲಿದಿದ್ದರು. ಹಸಿ ಕಾಂಡಕ್ಕೆ ಸುತ್ತಲೂ ಬಾಳೆ ಎಲೆ ಕಟ್ಟಿದ್ದರು. ಬೆಳಿಗ್ಗೆ ಅವನು ಹೋಗುವಾಗ ಮರ ಸರಿಯಾಗೇ ಇತ್ತು. ಆ ತೊಗಟೆ ಬಡಿದು ಬಟ್ಟೆ ಮಾಡೋದು ಯಾಕೆ ಅಂತ ನಮ್ಮವರಿಗೆ ಹೇಳಿಕೊಡಬೇಕಿಲ್ಲ... ಹೆಣಕ್ಕೆ ಸುತ್ತೋಕೆ.

ಕಟ್ಟಿದ್ದ ಬಾಳೆ ಎಲೆ ಸರಸರ ಅಂತು. ಗಾಳಿ ಇರಲಿಲ್ಲ. ಅಣ್ಣ ನಿಂತ.

"ಕಟೆಂಡೆ..."

ಮರದ ಬುಡದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅಣ್ಣನ ಜೀವ ಬಾಯಿಗೆ ಬಂತು. ಟಾರ್ಚು ಬಿಟ್ಟು ನೋಡಿದರೆ ನಂತುಮೆ ಅಮ್ಮ. ಅವನ ಜೊತೆಗಾರ ಸೆಂಪಾನ ತಾಯಿ.

"ಇಷ್ಟು ಹೊತ್ತಲ್ಲಿ ಇಲ್ಲೇನಮ್ಮ ಮಾಡ್ತಿದೀರಾ?"

"ತೊಗಟೆ ಯಾರಿಗೆ ಸುಲಿದ್ರು ಅಂತ ಗೊತ್ತೇನೋ?"

ಅಣ್ಣನಿಗೆ ಗೊತ್ತಿತ್ತು. ಟಾರ್ಚನ್ನ ನೆಲದ ಕಡೆ ತಿರುಗಿಸಿದ.

"ನನ್ನ ಮಗ ಬದುಕಿದಾನೆ ಕಣೋ," ಅಂದಳು, ಪಿಸುಮಾತಲ್ಲಿ. "ನೀನು ಅವನ ಹೆಸರು ಬರೀಬೇಡ."

ಸೆಂಪಾನ ವಿಷಯ ಹೇಳಿಬಿಡ್ತೀನಿ. ಅಣ್ಣನೂ ಅವನೂ ಸೇರಿ ಅಂಗಡಿ ಇಟ್ಟಿದ್ದರು. ಒಂದು ಪುಟ್ಟ ಸಿಎನ್‌ಸಿ ಯಂತ್ರ, ಅದನ್ನ ಆಡಿಸೋಕೆ ಒಂದು ಹಳೇ ಲ್ಯಾಪ್‌ಟಾಪು. ಹಿತ್ತಾಳೆ ತಗಡಿನ ಮೇಲೆ ಹೆಸರು ಕೊರೆಯೋ ಕೆಲಸ. ಬಾಗಿಲಿಗೆ, ಚರ್ಚಿಗೆ, ಶವಪೆಟ್ಟಿಗೆಗೆ. ಯಂತ್ರವನ್ನ ಬಿಡಿಬಿಡಿಯಾಗಿ ತರಿಸಿ ಜೋಡಿಸಿದವನು ಸೆಂಪಾ. ಜೋಡಿಸುವಾಗ ಬಲಗೈ ನಡುಬೆರಳು ಅರ್ಧ ಹೋಯ್ತು. "ಯಂತ್ರಕ್ಕೆ ನೈವೇದ್ಯ ಕೊಟ್ಟೆ, ಇನ್ನು ಅದು ಹೇಳಿದ ಹಾಗೆ ಕೇಳುತ್ತೆ" ಅಂತ ನಗ್ತಿದ್ದ. ಅಂಥ ಮನುಷ್ಯ. ಸರೋವರದಾಚೆ ಸೆಸೆ ದ್ವೀಪಕ್ಕೆ ಒಂದು ಫಲಕ ಕೊಡೋಕೆ ಅಂತ ದೋಣಿ ಹತ್ತಿದ. ದೋಣಿ ಮಗುಚಿತು. ಉಳಿದವರೆಲ್ಲ ಸಿಕ್ಕರು, ಕೆಲವರು ಜೀವಂತ, ಕೆಲವರು ಹೆಣ. ಇವನು ಮಾತ್ರ ಹಾಗೂ ಸಿಗಲಿಲ್ಲ, ಹೀಗೂ ಸಿಗಲಿಲ್ಲ.

ಹೆಣ ಸಿಗದಿದ್ದರೆ ನಮ್ಮಲ್ಲಿ ಬಾಳೆದಿಂಡನ್ನ ತೊಗಟೆ ಬಟ್ಟೆಯಲ್ಲಿ ಸುತ್ತಿ ಹೂಳ್ತೀವಿ. ಹೂಳದೆ ಬಿಟ್ಟರೆ ಸತ್ತವನು ಅಲೀತಾನೆ. ಆದರೆ ಬದುಕಿದ್ದವನ ಹೆಸರಲ್ಲಿ ಹೂತುಬಿಟ್ಟರೆ... ಅವನು ಮತ್ತೆ ಆ ಮನೆ ಹೊಸಿಲು ದಾಟೋ ಹಾಗಿಲ್ಲ. ತಾಯಿ ಎದುರಿಗೆ ನಿಂತರೂ ಅವಳು "ಬಾ ಮಗಾ" ಅನ್ನೋ ಹಾಗಿಲ್ಲ. ಸೆಂಪಾನ ದೊಡ್ಡಪ್ಪ ಲುಟಾಯಾ ಶನಿವಾರ ಹೂಳೋದು ಅಂತ ತೀರ್ಮಾನ ಮಾಡಿ, ಹೆಸರಿನ ತಗಡು ಮಾಡೋಕೆ ಅಣ್ಣನಿಗೇ ಹೇಳಿದ್ದ. ಅಣ್ಣನಿಗೆ ಅತ್ತ ದರಿ, ಇತ್ತ ಪುಲಿ.

ಮಾರನೇ ದಿನ ಸಂಜೆ ಅವನು ಯಂತ್ರಕ್ಕೆ ತಗಡು ಇಟ್ಟ. ಊಟ ತಗೊಂಡು ಹೋದವಳು ನಾನೇ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ತೆಳು ತಗಡು ಎಂದೂ ಪೂರ್ತಿ ಸಮ ಇರಲ್ಲ. ಅದಕ್ಕೆ ಕೊರೆಯೋ ಮೊದಲು ಯಂತ್ರದ ಮೊನೆ ತಗಡನ್ನ ಸಾಲಾಗಿ ಒಂದೊಂದೇ ಕಡೆ ಮುಟ್ಟಿ ನೋಡುತ್ತೆ. ಮುಟ್ಟಿದಲ್ಲೆಲ್ಲ ಎಷ್ಟು ಎತ್ತರ ಅಂತ ಲ್ಯಾಪ್‌ಟಾಪಿನಲ್ಲಿ ಬಣ್ಣದ ಚಿತ್ರ ಬರುತ್ತೆ. ತಗ್ಗು ನೀಲಿ, ಉಬ್ಬು ಕೆಂಪು. ಕುರುಡರು ಕೈಯಾಡಿಸಿ ಮುಖ ನೋಡ್ತಾರಲ್ಲ, ಹಾಗೆ.

ಅಣ್ಣ ಶುರು ಮಾಡಿದ. ತಕ್ಷಣ ಅಲಾರಂ.

"ಏನಂತೆ ನಿನ್ನ ಯಂತ್ರಕ್ಕೆ? ಹಸಿವಾ?" ಅಂದೆ.

"ಮುಟ್ಟೋಕೆ ಮೊದಲೇ ಏನನ್ನೋ ಮುಟ್ಟಿದೀನಿ ಅಂತಿದೆ," ಅಂದ.

ತಗಡಿಗೆ ಕಚ್ಚಿಸಿದ್ದ ವೈರಿನ ಕ್ಲಿಪ್ಪು ಬಿಚ್ಚಿ ಉಜ್ಜಿ ಹಾಕಿದ. ವೈರು ಬದಲಾಯಿಸಿದ. ಅರ್ಥಿಂಗ್ ನೋಡಿದ. ಸಾಫ್ಟ್‌ವೇರು ಮುಚ್ಚಿ ತೆರೆದ. ಮತ್ತೆ ಅಲಾರಂ. ತಗಡು ಮುಟ್ಟಿ ನೋಡಿದರೆ ಒದ್ದೆ. ಒರೆಸಿದ. ತಿರುಗಿ ನೋಡುವಷ್ಟರಲ್ಲಿ ಮತ್ತೆ ಒದ್ದೆ... ಸರೋವರದ ದಡದಲ್ಲಿ ಪಾಚಿ ವಾಸನೆ ಬರುತ್ತಲ್ಲ, ಆ ವಾಸನೆ. ನಾನು ಆಮೇಲೆ ತಮಾಷೆ ಮಾಡಲಿಲ್ಲ.

ಮೊನೆಯನ್ನ ಸಾಕಷ್ಟು ಮೇಲಕ್ಕೆ ಎತ್ತಿಟ್ಟು ಮತ್ತೆ ಶುರು ಮಾಡಿದ. ಈ ಸಲ ಅಲಾರಂ ಇಲ್ಲ. ಮೊನೆ ಇಳಿಯಿತು. ಝೂಂ... ಟಿಣ್. ಹಿತ್ತಾಳೆಯ ಸದ್ದು. ಮೇಲೆದ್ದಿತು, ಪಕ್ಕಕ್ಕೆ ಸರಿಯಿತು. ಝೂಂ... ಟಿಣ್. ಆಮೇಲೆ ತಗಡಿನ ನಡುವೆ ಬಂತು. ಝೂಂ...

ಟುಕ್.

ತಗಡಿಗಿಂತ ಒಂದು ಬೆರಳು ಮೇಲೆ. ಬರೀ ಗಾಳಿಯಲ್ಲಿ. ಏನೋ ಮೆತ್ತಗಿನದನ್ನ ಮುಟ್ಟಿದ ಹಾಗೆ ನಿಂತು, ಮೇಲೆ ಹೋಯ್ತು. ಟುಕ್... ಟುಕ್... ಟುಕ್. ಪರದೆ ಮೇಲೆ ಕೆಂಪು ಹರಡ್ತಾ ಬಂತು. ಮೊದಲು ಮಣಿಕಟ್ಟು. ಆಮೇಲೆ ಅಂಗೈಯಗಲ. ಆಮೇಲೆ ಬೆರಳುಗಳು. ನಡುಬೆರಳು ಅರ್ಧಕ್ಕೇ ನಿಂತಿತ್ತು.

ನನ್ನ ಕೈಯಿಂದ ಊಟದ ಬುಟ್ಟಿ ಜಾರಿತು. ಬೇಯಿಸಿದ ಬಾಳೆಕಾಯಿ ಮಟೋಕೆಯೆಲ್ಲ ನೆಲದ ಪಾಲು.

ಅಣ್ಣ ಯಂತ್ರ ನಿಲ್ಲಿಸಿ, ತನ್ನ ಕೈಯನ್ನ ಮೊನೆಯ ಕೆಳಗೆ ಆಡಿಸಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ಥಂಡಿ ಮಾತ್ರ.

"ಬದುಕಿದಾನೆ ಕಣೇ," ಅಂದ. ಕಣ್ಣಲ್ಲಿ ನೀರು. "ಹೆಸರು ಬರೀಬೇಡ ಅಂತ ಅಡ್ಡ ಕೈ ಇಟ್ಟಿದಾನೆ."

"ಬದುಕಿದ್ದವನ ಕೈ ಇಲ್ಲಿಗೆ ಹೇಗೆ ಬರುತ್ತೋ?" ಅಂದೆ. ಅಂದಿದ್ದೇ ತಪ್ಪಾಯ್ತು ಅನ್ನಿಸಿತು.

ನಂತುಮೆ ಅಮ್ಮನನ್ನ ಕರೆತಂದೆವು. ಅವಳು ಪರದೆ ನೋಡಿದಳು. ಆ ಅರ್ಧ ಬೆರಳನ್ನ ನೋಡಿದಳು. ಕಿರುಚಲಿಲ್ಲ, ಅಳಲಿಲ್ಲ. ಗೋಡೆ ಪಕ್ಕ ಚಾಪೆ ಹಾಸಿಕೊಂಡು ಕೂತಳು, ಯಂತ್ರದಿಂದ ದೂರದಲ್ಲಿ. ಎರಡೂ ಕೈಯನ್ನ ಸೆರಗಿನೊಳಗೆ ಇಟ್ಟುಕೊಂಡಳು. ಮಗು ಹತ್ತಿರ ಮಾತಾಡೋ ಹಾಗೆ ಮೆಲ್ಲಗೆ ಹೇಳಿದಳು:

"ಮಗಾ... ಬದುಕಿದ್ದರೆ ಕೈ ತೆಗೀಬೇಡ. ಯಾರು ಏನೇ ಅನ್ನಲಿ, ನಿನ್ನನ್ನ ಹೂಳೋಕೆ ನಾನು ಬಿಡಲ್ಲ. ಬಾಗಿಲು ತೆರೆದಿಟ್ಟಿರ್ತೀನಿ. ಹೋಗಿಬಿಟ್ಟಿದ್ದರೆ... ನೀರಲ್ಲಿ ಚಳಿ ಆಗ್ತಿದ್ದರೆ... ಕೈ ತೆಗಿ. ಕಳಿಸಿಕೊಡ್ತೀನಿ."

ಆಮೇಲೆ ಅಣ್ಣನ ಕಡೆ ತಿರುಗಿ, "ಇನ್ನೊಂದು ಸಲ ನೋಡು," ಅಂದಳು.

ಅಣ್ಣ ಮೊದಲಿನಿಂದ ಶುರು ಮಾಡಿದ. ಝೂಂ... ಟಿಣ್. ಅಂಚು. ಝೂಂ... ಟಿಣ್. ಪರದೆ ಕಡೆ ಅವಳು ನೋಡಲಿಲ್ಲ, ಕಣ್ಣು ಮುಚ್ಚಿ ಬರೀ ಸದ್ದು ಕೇಳ್ತಿದ್ದಳು. ಮೊನೆ ಮಣಿಕಟ್ಟಿನ ಜಾಗಕ್ಕೆ ಬಂತು.

ಟುಕ್.

ಅವಳ ಮುಖ ಅರಳಿತು. ಅಣ್ಣ ನನ್ನ ಭುಜ ಹಿಡಿದ. ನನಗೂ, ದೇವರೇ, ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಟುಕ್... ಟುಕ್...

ಮೊನೆ ಅಂಗೈ ಜಾಗಕ್ಕೆ ಸರಿಯಿತು. ಇಳಿಯಿತು. ಇನ್ನೂ ಇಳಿಯಿತು...

ಟಿಣ್.

ಮತ್ತೆ ಟಿಣ್. ಮತ್ತೆ ಟಿಣ್. ಬೆರಳುಗಳಿದ್ದ ಕಡೆಯೂ ಟಿಣ್. ಒಂದೊಂದು ಸದ್ದಿಗೂ ಅವಳು ಸ್ವಲ್ಪ ಸ್ವಲ್ಪವೇ ಕುಗ್ಗಿದಳು. ಕೊನೆಗೆ ಮಣಿಕಟ್ಟಿನ ಆ ಮೂರು ಕೆಂಪು ಚುಕ್ಕೆ ಬಿಟ್ಟರೆ ಪರದೆ ತುಂಬ ಸಮನಾದ ನೀಲಿ. ತಗಡು ಒಣಗಿತ್ತು.

ಅಣ್ಣ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳೇ ಅವನಿಗೆ ಹೇಳಿದಳು. "ಬರಿ ಮಗಾ. ಚೆನ್ನಾಗಿ ಬರಿ. ಅವನು ಕಾಯ್ತಿದಾನೆ."

ಯಂತ್ರ ಒಂದು ಸಲವೂ ತಡವರಿಸದೆ ಹೆಸರು ಕೊರೆಯಿತು. ಹೆಸರು ಮುಗಿಯೋವರೆಗೂ ಅವಳು ಅಲ್ಲಿಂದ ಏಳಲಿಲ್ಲ, ಸೆರಗಿನಿಂದ ಕೈ ಹೊರಗೆ ತೆಗೆಯಲೂ ಇಲ್ಲ. ಯಂತ್ರ ನಿಂತಮೇಲೆ ಅವಳು ಕೂಗಿದ ಕೂಗು ಇಡೀ ಬೀದಿಗೆ ಕೇಳಿಸಿತು.

ಶನಿವಾರ ಹೂತರು. ಮಣ್ಣಾದಮೇಲೆ ಹೆಂಗಸರೆಲ್ಲ ಸಾಲಾಗಿ ಹೋಗಿ ಅವಳ ಮುಂದೆ ಮಂಡಿಯೂರಿ ಸಮಾಧಾನ ಹೇಳಿದೆವು. ನನ್ನ ಸರದಿ ಬಂದಾಗ ಅವಳ ಎರಡೂ ಕೈಯನ್ನ ನನ್ನ ಕೈಯೊಳಗೆ ಹಿಡಿದುಕೊಂಡೆ. ಬಲಗೈ ಒರಟೊರಟಾಗಿ ತಾಗಿತು. ಮೆಲ್ಲಗೆ ತಿರುಗಿಸಿ ನೋಡಿದೆ.

ಮುಂಗೈ ಮೇಲೆ, ಬೆರಳ ತುದಿವರೆಗೂ, ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು. ಸಾಲು ಸಾಲಾಗಿ. ಒಂದಕ್ಕೂ ಇನ್ನೊಂದಕ್ಕೂ ಒಂದೇ ಅಂತರ, ಯಂತ್ರದ ಮೊನೆ ತಗಡು ಮುಟ್ಟಿ ನೋಡಿದ ಹಾಗೇ.

"ಏನಾಯ್ತಮ್ಮ ಇದು?" ಅಂತ ಪಿಸುಗುಟ್ಟಿದೆ.

ಅವಳು ಕೈಯನ್ನ ಸೆರಗಿನೊಳಗೆ ಎಳೆದುಕೊಂಡಳು. "ಅವನಿಗೆ ನೋಯಬಾರದಲ್ಲ," ಅಂದಳು.

ಆವತ್ತು ಅವಳು ಕೂತಿದ್ದು ಗೋಡೆ ಪಕ್ಕ. ಯಂತ್ರದ ಹತ್ತಿರ ಬರಲೇ ಇಲ್ಲ. ನಾನು ಅಲ್ಲೇ ನಿಂತಿದ್ದೆ... ನನ್ನ ಎರಡು ಕಣ್ಣಿಂದ ನೋಡಿದೀನಿ.