ಛತ್ರದ ಮೂರನೆಯ ಕಂಬ

ನಾನು ವರಲಕ್ಷ್ಮಮ್ಮ, ದಿವಂಗತ ಗೋಪಾಲಪ್ಪನವರ ಮಗಳು, ವಯಸ್ಸು 48, ಎಂ.ಎ., ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ವಾಸ ಕೋಟೆ ಬೀದಿ, ಹೊಸಕೋಟೆ. ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮದ್ರಾಸು ರಸ್ತೆಯ ಬದಿಯ ಕಲ್ಲು ಛತ್ರಕ್ಕೆ ಇನ್ನೂರು ವರ್ಷವಾಗಿದೆ ಎನ್ನುತ್ತಾರೆ. ರಸ್ತೆ ಅಗಲ ಮಾಡಲು ಅದನ್ನು ಕೆಡವಬಹುದೇ ಎಂದು ಅಮಲ್ದಾರರು ಈ ದಿನ ಖುದ್ದು ನೋಡಿ ತೀರ್ಮಾನಿಸುವುದಿತ್ತು. ಹತ್ತನೇ ತಾರೀಖು ಶುಕ್ರವಾರ ಸಂಜೆ ನಾಲ್ಕೂವರೆಗೆ ಓವರ್ಸಿಯರ್ ಪಿಳ್ಳಪ್ಪನವರು ಬಿರುಕು ಬಿಟ್ಟ ಐದು ಕಂಬಗಳಿಗೆ ಕೆಮ್ಮಣ್ಣಿನ ಗೆರೆ ಎಳೆದು ಗುರುತು ಮಾಡಿದರು. ಶಾಲೆಯಿಂದ ಬರುತ್ತಿದ್ದ ನಾನು ಕೇಳಿದ್ದಕ್ಕೆ, ಇವು ಇವತ್ತೋ ನಾಳೆಯೋ ಬೀಳುವ ಕಂಬಗಳು, ಇವುಗಳಿಂದಲೇ ಛತ್ರ ಹೋಗುತ್ತದೆ ಎಂದರು.

ಅವರು ಹೋದ ಮೇಲೆ ನಾನು ಒಳಗೆ ಹೋದೆ. 1906ರಲ್ಲಿ ನಾನು ಓದುತ್ತಿದ್ದ ಶಾಲೆ ನಡೆಯುತ್ತಿದ್ದುದು ಅಲ್ಲೇ. ಬಾಗಿಲಿನಿಂದ ಎಡಕ್ಕೆ ಮೂರನೆಯ ಕಂಬದ ಕೆಳಗೆ ಒಂಬತ್ತು ಹುಡುಗಿಯರು ಕೂರುತ್ತಿದ್ದೆವು. ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಪದ್ಯ ಒಪ್ಪಿಸುವಾಗ ಸಾಲು ಮರೆತರೆ ಚಾವಣಿ ನೋಡುತ್ತಿದ್ದೆವು, ಅಲ್ಲಿ ಯಾರೋ ಹೇಳಿಕೊಡುತ್ತಾರೆ ಎಂಬಂತೆ. ಆ ಕಂಬದ ಬಿರುಕಿನಲ್ಲಿ ನಾನು ಬಳಪ ಬಚ್ಚಿಡುತ್ತಿದ್ದೆ. ಅಂದು ಸಂಜೆ ಕೈಚೀಲದಲ್ಲಿದ್ದ ಬಳಪವನ್ನು ಇಟ್ಟು ನೋಡಿದೆ. ಹಿಂದಿನಷ್ಟೇ ಬಿಗಿಯಾಗಿ ಕೂತಿತು. ನಲವತ್ತು ವರ್ಷದಲ್ಲಿ ಆ ಬಿರುಕು ಹಿಗ್ಗಿಲ್ಲ. ಉಳಿದ ನಾಲ್ಕರ ವಿಷಯ ನನಗೆ ತಿಳಿಯದು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಹೋದಾಗ ಛತ್ರದ ಎದುರು ಮನೆಯ ಮುನಿತಾಯಮ್ಮ ಮತ್ತು ಆಕೆಯ ಅತ್ತಿಗೆ ದ್ಯಾವಮ್ಮ ಅದರ ಮುಂದೆ ಸುಣ್ಣದ ಗಡಿಗೆ ಇಟ್ಟುಕೊಂಡಿದ್ದರು. ಸಂಕ್ರಾಂತಿಗೆ ಮುಂಚೆ ಆ ಬೀದಿಯ ಹೆಂಗಸರು ತಮ್ಮ ಮನೆಗಳಂತೆ ಛತ್ರಕ್ಕೂ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆಯ ಕಾರಣೆ ಎಳೆಯುವುದು ನನ್ನ ತಾಯಿಯ ಕಾಲದಿಂದ ಇದೆ. ಯಾರೋ ಕಾರಣೆ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದಾರೆಂದು ಮುನಿತಾಯಮ್ಮ ತಿಳಿದರು. "ಗಂಡಸ್ರ ಕೈ ಕಣಮ್ಮಾ, ಗೆರೆ ನೋಡಿ ಎಂಗೆ ಸೊಟ್ಟಗೈತೆ!" ಎಂದು ನಕ್ಕರು. "ನಗಾದು ಸಾಕು, ಬಳಿಯೇ, ಬಿಸಿಲೇರ್ತದೆ" ಎಂದು ದ್ಯಾವಮ್ಮ ಗದರಿದರು. ಒಂಬತ್ತೂವರೆಗೆ ಹದಿನಾರು ಕಂಬಗಳಿಗೂ ಒಂದೇ ಥರದ ಪಟ್ಟೆ ಬಂದಿತ್ತು. ಬಿರುಕುಗಳಿಗೆ ಸುಣ್ಣ ತುಂಬಿತ್ತು.

ಈ ದಿನ ಹತ್ತು ಗಂಟೆಗೆ ಅಮಲ್ದಾರರು ಬಂದಾಗ, ಬೀಳುವ ಕಂಬ ಯಾವುದೆಂದು ತೋರಿಸಲು ಓವರ್ಸಿಯರಿಗೆ ಆಗಲಿಲ್ಲ. ತೀರ್ಮಾನ ಮುಂದಕ್ಕೆ ಹೋಯಿತು. ಮುನಿತಾಯಮ್ಮ ಬೇಕೆಂದೇ ಸರ್ಕಾರಿ ಗುರುತು ಅಳಿಸಿದರೆಂದು ಓವರ್ಸಿಯರು ದೂರು ಕೊಟ್ಟರು. ಹನ್ನೊಂದರಿಂದ ಆಕೆ ಈ ಠಾಣೆಯ ಜಗುಲಿಯಲ್ಲಿ ಕೂತಿದ್ದಾರೆ. ಉಗುರಿನ ಸಂದಿಯ ಕೆಮ್ಮಣ್ಣು ಇನ್ನೂ ಹೋಗಿಲ್ಲ.

ಅದು ಕೆಡವುವ ಗುರುತೆಂದು ಆಕೆಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಹನ್ನೆರಡು ಅಡಿ ದೂರದಲ್ಲಿ ನಿಂತು ಎರಡೂವರೆ ಗಂಟೆ ಸುಮ್ಮನಿದ್ದೆ. ಕೊನೆಗೆ ಒಂದು ಕಂಬ ಉಳಿದಾಗ ಆಕೆ, "ತಗಳಿ ಅಮ್ಮಾವ್ರೆ, ಇದು ನಿಮ್ ಕಂಬ ಅಲ್ವಾ, ನೀವೇ ಎಳೀರಿ" ಎಂದು ಕುಂಚ ಕೊಟ್ಟರು. ಮೂರನೆಯ ಕಂಬದ ಗುರುತಿನ ಮೇಲೆ ಪಟ್ಟೆ ಎಳೆದವಳು ನಾನು. ಐದು ಕಂಬಗಳನ್ನೂ ಅಮಲ್ದಾರರಿಗೆ ತೋರಿಸುತ್ತೇನೆ, ಮೂರನೆಯದರ ಬಿರುಕಿನ ಸುಣ್ಣ ಕೆರೆದು ಇಟ್ಟು ತೋರಿಸಲು ಬಳಪವನ್ನೂ ತರುತ್ತೇನೆ. ಮುನಿತಾಯಮ್ಮನವರನ್ನು ಮನೆಗೆ ಕಳುಹಿಸಬೇಕು. ಅಲ್ಲಿಯವರೆಗೆ ಜಗುಲಿಯಲ್ಲಿ ನಾನು ಕೂರುತ್ತೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ಎಲ್ಲವೂ ನಿಜ, ಸೇರಿಸುವುದಾಗಲಿ ತೆಗೆಯುವುದಾಗಲಿ ಇಲ್ಲ.

ಹೊಸಕೋಟೆ
13-1-1947, ಮಧ್ಯಾಹ್ನ 3 ಗಂಟೆ
(ಸಹಿ) ವರಲಕ್ಷ್ಮಮ್ಮ