ಶುಕ್ರವಾರ ಕಟ್ಟದ ಕಂತು

ಬಸವನ ಬಾಗೇವಾಡಿಯಲ್ಲಿ ಕುಳಿತು, ಬರೀ ಒಂದು ಫೋನ್ ಮಾಡಿ ಒಂದಿಡೀ ಮನೆ ಉಳಿಸಿದ ಹೀರೋ ಯಾರು? ನಾನೇ, ಸೋಮನಿಂಗ! ಟೂರಿಂಗ್ ಟಾಕೀಸಿನ ಖಳನಾಯಕ, ಜಡ್ಜ್, ಇನ್‌ಸ್ಪೆಕ್ಟರ್, ಎಲ್ಲರ ದನಿಯೂ ನನಗೆ ಬರುತ್ತದೆ. ನಂಬಿಕೆ ಇಲ್ಲವೇ? ಪೋಸ್ಟಾಫೀಸಿನಿಂದ ನಾನು ಅಕ್ಕನ ಊರು ಇಂಡಿಗೆ ಹಚ್ಚಿದ ಟ್ರಂಕ್ ಕಾಲ್ ಕೇಳಿರಿ.

ಹಲೋ... ಹಲೋ! ಯಾರ್ರಿ ಮಾತಾಡೋದು? ಗುರುಲಿಂಗಪ್ಪ ಸಾವಕಾರ್ರ ಅಂಗಡಿ ಹೌದಲ್ರಿ?... ನಾನ್ರಿ, ಸೋಮನಿಂಗ. ನಿಮ್ಮ ಬಾಜೂಮನಿ ಅಮೋಘಸಿದ್ಧ ಮಾಸ್ತರ್ರ ಹೇಣ್ತಿ ತಮ್ಮ. ಮಾಮಾನ್ನ ಸ್ವಲ್ಪ ಕರೀರಿ, ಒಂದ್ ನಗೂ ಸುದ್ದಿ ಐತಿ...

...ಅಲ್ಲೇ ಕುಂತಾರ? ಏನ್ ಬರ್ಯಾಕತ್ತಾರ?... ಸಂಚಕಾರ ಪತ್ರಾ? ಮನಿ ನಿಮಗ ಮಾರಾಕತ್ತಾರ? ಸಾವಕಾರ್ರ, ಚಾಷ್ಟಿ ಮಾಡಬ್ಯಾಡ್ರಿ! ಫೋನ್ ಕೊಡ್ರಿ ಅವರಿಗೆ, ಲಗೂನ!

...ಮಾಮಾರ! ಸಹಿ ಆತೇನು?... ಇನ್ನಾ ಇಲ್ಲಾ? ಪೆನ್ನು ಕೆಳಗಿಡ್ರಿ. ಮೊದಲ ಪೆನ್ನು ಕೆಳಗಿಡ್ರಿ!

...ಹಾಂ, ಕೇಳಾಕತ್ತೇನಿ. ಮನಿ ಸಾಲ ಕೊಟ್ಟ ಸೊಸಾಯಿಟಿ ದೊಡ್ಡ ಸಾಹೇಬ್ರು ನಿನ್ನೆ ಇದ ಫೋನಿಗೆ ಮಾತಾಡಿದ್ರು. ಗಿರವಿ ಇಟ್ಟ ಮನಿ, ಕಂತು ತಪ್ಪೇತಿ, ಸೋಮವಾರ ಲಿಲಾವ, ಮನಿ ಹರಾಜ್ ಅಂದ್ರು. ಹೌದಲ್ಲ?... ಮಂದಿ ಮುಂದ ಮರ್ಯಾದಿ ಕಳಕೊಳ್ಳೂದಕ್ಕಿಂತ ಅರ್ಧಾ ರೇಟಿಗೆ ಕೊಟ್ಟು ಮತ್ತ ಬಾಡಿಗಿ ಖೋಲಿಗೆ ಹೋಗ್ತೀರಾ? ಅಯ್ಯ ಶಿವನ...

...ಮಾಮಾರ, ಆ ಸಾಹೇಬ ನಾನ್ರಿ. ನಾನ! ನಗೂ ಸಲುವಾಗಿ ಚಾಷ್ಟಿ ಮಾಡಿದ್ನಿ!

...ಇಲ್ರಿ, ಸಮಾಧಾನ ಮಾಡಾಕ ಹೇಳಾಕತ್ತಿಲ್ಲ, ಖರೇನ... ಕಂತು ತಡಾ ಆದದ್ದು ನನಗ ಹೆಂಗ ಗೊತ್ತು ಅಂದ್ರ? ಕಂತು ಕಟ್ಟೂ ಐದನೇ ತಾರೀಖು ಶುಕ್ರವಾರ ಬಂತಲ್ರಿ. ಶುಕ್ರವಾರ ಮನ್ಯಾಗಿನ ಲಕ್ಷ್ಮಿ ಹೊರಗ ಹಾಕಬಾರದಂತ ರೇವಕ್ಕ ಪೆಟಗಿ ಕೀಲಿ ಕೊಡಲಿಲ್ಲ. ಶನಿವಾರ ಕಟ್ಟಿದ್ರಿ. ಅಕ್ಕನ ಹೇಳ್ಯಾಳ ನನಗ, ನಕ್ಕೋತ.

...ಒಂದ್ ದಿನಕ್ಕ ಎಂಟಾಣೆ ದಂಡ್ರಿ, ಲಿಲಾವ ಅಲ್ಲ! ಪಾವತಿ ಚೀಟಿ ಕಿಸೇದಾಗ ಐತಿಲ್ಲೋ? ತಗೀರಿ, ಓದ್ರಿ... ದಂಡ ಐವತ್ ಪೈಸೆ, ಬಾಕಿ ಇಲ್ಲ. ಹಂಗ ಐತಲ್ಲ? ಮತ್ತ! ಖರೇ ಲಿಲಾವ ಇದ್ರ ರಜಿಸ್ಟರ್ ನೋಟೀಸ ಬರ್ತೈತ್ರಿ, ಯಾರರ ಫೋನ್ ಮಾಡ್ತಾರೇನು? ಒಂಬತ್ ವರ್ಷ ಬಾಡಿಗಿ ಕೊಟ್ರಿ, ಗ್ವಾಡಿಗೆ ಒಂದ್ ಮೊಳೆ ಹೊಡಿಯಾಕ ಮಾಲಕನ್ನ ಕೇಳತಿದ್ರಿ. ಈಗ ಕಂತು ಬಾಡಿಗಿಗಿಂತ ಹನ್ನೆರಡ ರೂಪಾಯಿ ಹೆಚ್ಚಿಗಿ, ಅಷ್ಟ. ಅಡಚಣಿಗೆ ಇರಲಿ ಅಂತ ಮೂರು ಕಂತಿನ ರೊಕ್ಕ ಪೋಸ್ಟಿನ ಪುಸ್ತಕದಾಗ ಬ್ಯಾರೆ ಇಟ್ಟೀರಿ. ನಿಮ್ಮಂಥವರ ಮನಿ ಯಾರ್ ಮುಟ್ತಾರ?

...ನಂಬಂಗಿಲ್ಲಾ? ಸಾವಕಾರ್ರು ಏನಂತಾರ, ಹುಡುಗನ ಮಾತು ಬಿಡು, ಸಹಿ ಮಾಡು ಅಂತಾರ? ಮಾಮಾರ, ಪೆನ್ನು ಮುಟ್ಟಬ್ಯಾಡ್ರಿ!... ಹಾಂ? ಆಪರೇಟರ್ ಅಕ್ಕಾರ, ಇನ್ನ ಮೂರ್ ನಿಮಿಷ ಹಾಕ್ರಿ, ನಿಮ್ಮ ಕಾಲಿಗೆ ಬೀಳ್ತೇನಿ!

ಹಂಗಾರ ಕೇಳ್ರಿ. ಅಹಂ! "ಮಿಸ್ಟರ್ ಅಮೋಘಸಿದ್ಧ! ಕಾಯಿದೆಗೆ ಕರುಣೆ ಎಂಬುದಿಲ್ಲ! ಸೋಮವಾರ ಹತ್ತು ಗಂಟೆಗೆ ನಿಮ್ಮ ಮನೆ ಲಿಲಾವು!"

...ಅಯ್ಯಯ್ಯ, ತಪ್ಪಾತ್ರಿ ಸಾಹೇಬ್ರ ಅನಬ್ಯಾಡ್ರಿ! ಕೈ ಮುಗೀತೇನಿ ಅಂತ ಯಾಕ ಅಂತೀರಿ, ನಾ ಸೋಮ್ಯಾ! ನಿಮ್ಮ ಸೋಮ್ಯಾ ಮಾಮಾರ!

...ಹಾಂ... ಹಾಂ, ಅದ ದನಿ. ನಿನ್ನೆ ಕೇಳಿದ್ದ ದನಿ, ಹೌದಲ್ರಿ?... ಪತ್ರ ಹರೀರಿ. ಸಾವಕಾರ್ರು ಏನರ ಅನ್ನಲಿ, ಹರೀರಿ... ಹರಿದ್ರ್ಯಾ? ಸಪ್ಪಳ ಕೇಳ್ತು.

...ಮಾಮಾರ? ಬೈಯ್ರಿ ಬೇಕಾರ. ಅಕ್ಕಗ ಹೇಳಿ ಕೆರದಲೆ ಹೊಡಸ್ರಿ... ಮಾಮಾರ, ಮಾತಾಡ್ರಿ... ಹಲೋ...

ಟಕ್.

ಲೈನ್ ಕಟ್ಟಾಯಿತು ಎಂದೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಆಗಿರಲಿಲ್ಲ. ಆ ಕಡೆ ಮಾಮಾ, ಅಂಗಡಿಯಲ್ಲಿ ಕುಂತ ಮಂದಿಯ ಎದುರೇ, ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಕೇಳಲಾಗದೆ ನಾನೇ ಫೋನ್ ಇಟ್ಟೆ. ಇನ್ನೂ ಒಂದು ನಿಮಿಷ ಇತ್ತು.